ಚಿತ್ರ ಸಂಪಾದನೆಗೆ ಕೀಲಿಮಣೆಯ ಸುಲಭ ಮಾರ್ಗಗಳು

ಬ್ಯಾಂಕ್ ಹುದ್ದೆಗಳಿಗೆ, ಸರ್ಕಾರಿ ನೌಕರಿಗಳಿಗೆ ಹಾಗೂ ವಿದ್ಯಾರ್ಥಿವೇತನಗಳಿಗೆ ಈಗ ಬಹುಮಟ್ಟಿಗೆ ಅಂತರಜಾಲದ ಮೂಲಕವೇ ಅರ್ಜಿ ಸಲ್ಲಿಸಬೇಕಾಗಿದೆ. ಅರ್ಜಿಯೊಡನೆ ಕಳುಹಿಸುವ ಭಾವಚಿತ್ರ ಮತ್ತು ಸಹಿ ಗೊತ್ತುಪಡಿಸಿದ ಅಳತೆಯಲ್ಲಿರುವುದು ಅವಶ್ಯಕ. ಅಳತೆ ತಪ್ಪಿದರೆ ಗಣಕಯಂತ್ರವು ಅದನ್ನು ಸ್ವೀಕರಿಸುವುದಿಲ್ಲ.

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರು ಪ್ರತಿದಿನ ರೈಲಿನಲ್ಲಿ ದೂರ ಪ್ರಯಾಣಿಸಿ ದುಡಿಯುವವರು. ಕೊನೆಯ ದಿನಾಂಕ ಸಮೀಪಿಸಿದಾಗ ಅಂಗಡಿಯನ್ನು ಹುಡುಕಿಕೊಂಡು ಹೋಗಿ, ಹಣ ತೆತ್ತು ಚಿತ್ರವನ್ನು ಸರಿಪಡಿಸಿಕೊಳ್ಳುವುದುಂಟು. ಹಾಗೆ ಕೊಟ್ಟ ಸಹಿಯ ಪ್ರತಿ ಪರರ ಯಂತ್ರದಲ್ಲಿಯೇ ಉಳಿದುಬಿಡಬಹುದು. ಈ ಕೆಲಸವನ್ನು ಮನೆಯಲ್ಲಿಯೇ ಕೆಲವು ನಿಮಿಷಗಳಲ್ಲಿ ಮಾಡಿಕೊಳ್ಳಲು ಸಾಧ್ಯವಿದೆ.

ಪೇಂಟ್ ಎಂಬ ಸಾಧನ

ವಿಂಡೋಸ್ ವ್ಯವಸ್ಥೆಯೊಡನೆ ದೊರೆಯುವ ‘ಪೇಂಟ್’ ಸರಳವಾದ ಚಿತ್ರ ಸಂಪಾದನಾ ತಂತ್ರಾಂಶ. 1985ರಲ್ಲಿ ಬಂದ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿಯೇ ಇದು ಇತ್ತು. 2017ರಲ್ಲಿ ಇದರ ಅಭಿವೃದ್ಧಿಯನ್ನು ಕೈಬಿಡುವ ಸೂಚನೆ ಹೊರಬಿದ್ದಾಗ ಬಳಕೆದಾರರು ಬೇಸರ ವ್ಯಕ್ತಪಡಿಸಿದರು, ಪೇಂಟ್ ಉಳಿಯಿತು.

ಇದರ ಆಜ್ಞೆಗಳನ್ನು ಪಟ್ಟಿಯಲ್ಲಿ ಹುಡುಕುವ ಬದಲು ಎರಡು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ನೀಡಬಹುದು. ಇದಕ್ಕೆ ‘ಶಾರ್ಟ್‌ಕಟ್’ ಎಂದು ಹೆಸರು. ಕಂಟ್ರೋಲ್ ಕೀಲಿಯೊಡನೆ ಝಡ್ ಒತ್ತಿದರೆ ಹಿಂದಿನ ಕ್ರಿಯೆ ರದ್ದಾಗುತ್ತದೆ. ಎಕ್ಸ್‌ನಿಂದ ಆಯ್ದ ಭಾಗ ಕತ್ತರಿಸಲ್ಪಡುತ್ತದೆ, ಸಿ ನಕಲು ಮಾಡುತ್ತದೆ, ವಿ ಅಂಟಿಸುತ್ತದೆ. ಈ ನಾಲ್ಕೂ ಕೀಲಿಗಳು ಕೆಳಸಾಲಿನ ಎಡಭಾಗದಲ್ಲಿ ಒಂದರ ಪಕ್ಕದಲ್ಲಿ ಒಂದಿವೆ. ಬಲಗೈ ಮೌಸ್ ಹಿಡಿದಿರುವಾಗ ಎಡಗೈಗೆ ಇವು ಸುಲಭವಾಗಿ ನಿಲುಕುತ್ತವೆ. ಕತ್ತರಿಸಿ ಅಂಟಿಸುವ ಈ ವಿಧಾನವನ್ನು 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವರಲ್ಲಿ ಲ್ಯಾರಿ ಟೆಸ್ಲರ್ ಪ್ರಮುಖರು. ಅವರು 2020ರಲ್ಲಿ ನಿಧನರಾದರು.

ಭಾವಚಿತ್ರವನ್ನು ಅಳತೆಗೆ ತರುವ ಬಗೆ

ಬ್ಯಾಂಕ್ ನೇಮಕಾತಿ ಪರೀಕ್ಷೆಗಳನ್ನು ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಗಳಲ್ಲಿ ಭಾವಚಿತ್ರಕ್ಕೆ 200 x 230 ಪಿಕ್ಸೆಲ್ ಹಾಗೂ 20ರಿಂದ 50 ಕೆ.ಬಿ., ಸಹಿಗೆ 140 x 60 ಪಿಕ್ಸೆಲ್ ಹಾಗೂ 10ರಿಂದ 20 ಕೆ.ಬಿ. ಎಂಬ ಅಳತೆಗಳನ್ನು ನೀಡಲಾಗಿದೆ. ಭಾವಚಿತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಮೊದಲು ಕಂಟ್ರೋಲ್ ಮತ್ತು ಓ ಒತ್ತಿ ಚಿತ್ರವನ್ನು ತೆರೆಯಬೇಕು. ಕೂಡಲೇ ಎಫ್12 ಒತ್ತಿ, ಜೆಪೆಗ್ ರೂಪದಲ್ಲಿ ಬೇರೆ ಹೆಸರಿನಿಂದ ಉಳಿಸಬೇಕು. ಹೀಗೆ ಮಾಡಿದರೆ ಮೂಲಚಿತ್ರ ಸುರಕ್ಷಿತವಾಗಿರುತ್ತದೆ. ಬಳಿಕ ಆಯ್ಕೆಯ ಸಾಧನದಿಂದ ಮುಖ ಮತ್ತು ಭುಜಗಳನ್ನು ಒಳಗೊಂಡ ಚೌಕಟ್ಟನ್ನು ಗುರುತಿಸಬೇಕು. ಚೌಕಟ್ಟಿನ ಅಳತೆ ಪರದೆಯ ಕೆಳಪಟ್ಟಿಯಲ್ಲಿ ಕಾಣುತ್ತದೆ. ಅದು 400 x 460ರಷ್ಟಿದ್ದರೆ ಬೇಕಾದ ಪ್ರಮಾಣವೇ ಆಗುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಚೌಕಟ್ಟಿನ ಹೊರಗಿನ ಭಾಗ ಹೋಗಿಬಿಡುತ್ತದೆ.

ಅನಂತರ ಕಂಟ್ರೋಲ್ ಮತ್ತು ಡಬ್ಲ್ಯೂ ಒತ್ತಿದರೆ ಗಾತ್ರ ಬದಲಿಸುವ ಕಿಟಕಿ ತೆರೆಯುತ್ತದೆ. ಅಲ್ಲಿ ಪಿಕ್ಸೆಲ್ ಎಂಬುದನ್ನು ಆರಿಸಿ, ಅಗಲಕ್ಕೆ 200 ಎಂದು ನಮೂದಿಸಬೇಕು. ಅಗಲ ಮತ್ತು ಎತ್ತರದ ಪ್ರಮಾಣವನ್ನು ಕಾಯುವ ಗುರುತು ಇದ್ದರೆ ಎತ್ತರ ತಾನಾಗಿಯೇ 230 ಆಗುತ್ತದೆ. ಆ ಗುರುತನ್ನು ತೆಗೆದುಹಾಕಿದರೆ ಮುಖ ಹಿಗ್ಗಿದಂತೆ ಅಥವಾ ಕುಗ್ಗಿದಂತೆ ತೋರಬಹುದು. ಕೊನೆಗೆ ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸಬೇಕು.

ಗಮನಿಸಬೇಕಾದ ಅಂಶಗಳು

ಪಿಕ್ಸೆಲ್ ಚಿತ್ರದ ಉದ್ದಗಲವನ್ನು ಸೂಚಿಸಿದರೆ, ಕೆ.ಬಿ. ಕಡತದ ತೂಕವನ್ನು ಸೂಚಿಸುತ್ತದೆ. ಎರಡನ್ನೂ ಪರಿಶೀಲಿಸುವುದು ಅಗತ್ಯ. ಚಿಕ್ಕದು ಮಾಡಿ ಉಳಿಸಿದ ಚಿತ್ರವನ್ನು ಮತ್ತೆ ಹಿಗ್ಗಿಸಿದರೆ ಅದು ಮಸುಕಾಗುತ್ತದೆ. ಆಗ ಮೂಲಚಿತ್ರದಿಂದಲೇ ಪುನಃ ಆರಂಭಿಸಬೇಕು. ಸಂಸ್ಥೆಯಿಂದ ಸಂಸ್ಥೆಗೆ ನಿಯಮಗಳು ಭಿನ್ನವಾಗಿರುವುದರಿಂದ ಆಯಾ ಅಧಿಸೂಚನೆಯನ್ನು ಓದಿಯೇ ಮುಂದುವರಿಯುವುದು ಲೇಸು.

ಇಷ್ಟು ಕೀಲಿಗಳ ಪರಿಚಯವಿದ್ದವರು ಕೊನೆಯ ಗಳಿಗೆಯ ಪರದಾಟದಿಂದ ಪಾರಾಗಬಹುದು. ಅವರ ಸಹಿಯೂ ಅವರ ಬಳಿಯಲ್ಲಿಯೇ ಉಳಿಯುತ್ತದೆ.