ಗಣಿ ಮುಚ್ಚಿತು, ದಿಬ್ಬ ಉಳಿಯಿತು

ಕೋಲಾರದ ಚಿನ್ನದ ಗಣಿ ಊರಾದ ಕೆಜಿಎಫ್‌ನ ಈ ಬೂದುಬಣ್ಣದ ಗುಡ್ಡಗಳು ಪ್ರಕೃತಿ ಎಬ್ಬಿಸಿದ್ದಲ್ಲ. ಇವು ಸೈನೈಡ್ ದಿಬ್ಬಗಳು.

ಗಣಿಯ ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುತ್ತಿದ್ದರು. ಟನ್ ಕಲ್ಲಿಗೆ ಸಿಗುತ್ತಿದ್ದುದು ಗ್ರಾಂ ಲೆಕ್ಕದ ಚಿನ್ನ. ಮಿಕ್ಕ ಪುಡಿಯೆಲ್ಲ ಊರ ಪಕ್ಕದಲ್ಲೇ ರಾಶಿ ಬಿತ್ತು; ಈಗದು 3 ಕೋಟಿ ಟನ್ನಿಗೂ ಹೆಚ್ಚು. ಗಾಳಿ ಎದ್ದರೆ ಧೂಳು ಮನೆಯೊಳಗೆ, ಮಳೆ ಬಿದ್ದರೆ ಕೆಸರು ಹೊಲಕ್ಕೆ. ಸಿನಿಮಾದವರಿಗೆ ಮಾತ್ರ ಹೇಳಿಮಾಡಿಸಿದ ಸೆಟ್ಟು!

ದಿಬ್ಬದಾಚೆ ಎತ್ತರದ ಕಬ್ಬಿಣದ ಚೌಕಟ್ಟುಗಳು, ತುದಿಯಲ್ಲಿ ರಾಟೆ. ಅದರ ಹಗ್ಗಕ್ಕೆ ಬಿಗಿದ ಪಂಜರದಲ್ಲಿ ಕಾರ್ಮಿಕರು ಪಾತಾಳಕ್ಕೆ ಇಳಿಯುತ್ತಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. 1965ರಲ್ಲಿ ಅದೇ ಗಣಿಯೊಳಗೆ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. ಮೇಲಿನ ಬಂಡೆಯ ದಪ್ಪ ಪದರ ಬೇರೆ ಕಣಗಳನ್ನು ತಡೆಯುತ್ತಿತ್ತಲ್ಲ, ಅದೇ ಅನುಕೂಲ.

ಈ ಗಣಿಗೆ ಕರೆಂಟು ಕೊಟ್ಟಿದ್ದು ಕಾವೇರಿ. ಆ ನದಿಯ ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ಸುಮಾರು 147 ಕಿಲೋಮೀಟರ್ ಹರಿದು ಮೊದಲು ಬಂದದ್ದು ಇಲ್ಲಿಗೆ. ಬೆಂಗಳೂರಿನ ಬೀದಿದೀಪಗಳು 1905ರವರೆಗೆ ಕಾಯಬೇಕಾಯಿತು.

2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ದಿಬ್ಬಗಳ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ ಇನ್ನೂ ಇದೆ. ಅದನ್ನು ಮತ್ತೆ ಸೋಸುವ ಮಾತು ಹಲವು ಸರ್ಕಾರಗಳ ಕಾಲದಿಂದ ನಡೆದೇ ಇದೆ.