ಎಲೆಗೆ ಎಷ್ಟು?

ಅಂಕೋಲಾದಿಂದ ಕಾರವಾರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಟ್ಟಿಕೇರಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಟೋಲ್ ಗೇಟು. ಅದರ ಆಚೀಚಿನ ಊರುಗಳಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಅಡುಗೆಯ ಗುತ್ತಿಗೆ ಹಿಡಿದು ಬದುಕುವವರಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: 'ಎಲೆಗೆ ಎಷ್ಟು?' ಹೇಳಿದ ದರಕ್ಕಿಂತ ಇಪ್ಪತ್ತು ರೂಪಾಯಿ ಕಡಿಮೆಗೆ ಒಪ್ಪಿಕೊಳ್ಳುವ ಮತ್ತೊಬ್ಬರು ಎಲ್ಲ ಊರಿನಲ್ಲೂ ಇದ್ದೇ ಇರುತ್ತಾರೆ.

ಆ ಇಪ್ಪತ್ತು ರೂಪಾಯಿ ಎಲ್ಲಿಂದ ಉಳಿಯುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಡುಗೆ ಉದ್ಯಮಕ್ಕೆ ನಿಗದಿಯಾದದ್ದು 19 ಕಿಲೋದ ವಾಣಿಜ್ಯ ಸಿಲಿಂಡರ್. ಅದಕ್ಕೆ ಜಿಎಸ್‌ಟಿ ಶೇ 18. ಮನೆಬಳಕೆಯ 14.2 ಕಿಲೋದ ಸಿಲಿಂಡರಿಗೆ ಶೇ 5 ಮಾತ್ರ. ಎರಡನೆಯದನ್ನು ಚಪ್ಪರದ ಹಿಂದೆ ಹೊತ್ತಿಸುವುದು ಅಪರಾಧವಾದರೂ ಅಲ್ಲಿಗೆ ಹೋಗಿ ನೋಡುವವರು ವಿರಳ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಅದು ಕಾನೂನೇ ಕೊಟ್ಟ ಅನುಕೂಲ, ಅದರ ಬಗ್ಗೆ ತಕರಾರಿಲ್ಲ. ನೋಂದಾಯಿತರ ಹೊರೆಯೂ ಈಗ ತಗ್ಗಿದೆ. ಹೊರಾಂಗಣ ಕೇಟರಿಂಗ್ ಮೇಲಿದ್ದ ಶೇ 18ರ ತೆರಿಗೆಯನ್ನು 2019ರ ಅಕ್ಟೋಬರ್‌ನಿಂದ ಬಹುಪಾಲು ಶೇ 5ಕ್ಕೆ ಇಳಿಸಲಾಯಿತು. ಆದರೆ ಸಾಮಗ್ರಿ ಕೊಳ್ಳುವಾಗ ತೆತ್ತ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳುವಂತಿಲ್ಲ.

ಉಳಿದ ಉಳಿತಾಯ ನಡೆಯುವುದು ಪಾತ್ರೆಯೊಳಗೆ. ಕರಾವಳಿಯ ಅಡುಗೆ ನಿಂತಿರುವುದೇ ತೆಂಗಿನ ಮೇಲೆ. 2025ರಲ್ಲಿ ಕಾಯಿ ಮತ್ತು ಕೊಬ್ಬರಿ ಎಣ್ಣೆಯ ಬೆಲೆ ವಿಪರೀತ ಏರಿದಾಗ ಅಡುಗೆಯವರ ಮುಂದಿದ್ದ ದಾರಿಗಳು ಎರಡೇ: ದರ ಏರಿಸುವುದು, ಇಲ್ಲವೇ ಅರೆಯುವ ಕಾಯಿಯನ್ನು ಕಡಿಮೆ ಮಾಡುವುದು. ಮೀನೂಟದ ಗುತ್ತಿಗೆ ಇನ್ನೂ ಕಷ್ಟದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಒಪ್ಪಿಕೊಂಡ ದರಕ್ಕೆ ಜೂನ್‌ನಲ್ಲಿ ಇಸವಣದ ತುಂಡು ಬಡಿಸಬೇಕಾದವನ ಪಾಡು ಅವನಿಗೇ ಗೊತ್ತು.

ಅಗ್ಗದ ದರದ ಒತ್ತಡ ಹೊಸದೇನಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರವೇ ತಿಂಡಿಗಳ ದರವನ್ನು ತೀರಾ ಕೆಳಗೆ ಕಟ್ಟಿಹಾಕಿದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ ಆ ಬೆಲೆಗೆ ತಕ್ಕಂತೆ ದೋಸೆಯನ್ನು ಕೆಡಿಸಲು ಒಪ್ಪದೆ ಸಿದ್ಧ ಮಿಶ್ರಣಗಳ ಮಾರಾಟದತ್ತ ಹೊರಳಿತು. ಹಟ್ಟಿಕೇರಿಯ ಅಡುಗೆಯವನಿಗೆ ಅಂಥ ಬಂಡವಾಳವಿಲ್ಲ, ನಿಜ. ಆದರೆ ಮುನ್ನೂರು ಎಲೆಯ ಊಟದಲ್ಲಿ ಇಪ್ಪತ್ತು ರೂಪಾಯಿ ಬಿಟ್ಟರೆ ಆರು ಸಾವಿರ ಹೋಯಿತು. ಬಡಿಸುವ ಹುಡುಗರ ಕೂಲಿಯೇ ಅದರಲ್ಲಿ ಕರಗುತ್ತದೆ. ದರ ಇಳಿಸಲೇಬೇಕಾದರೆ ಇಳಿಸಬೇಕಾದ್ದು ಬಗೆಗಳ ಸಂಖ್ಯೆಯನ್ನು. ಎರಡು ಪಲ್ಯ, ಒಂದು ಸಿಹಿ ಕಡಿಮೆಯಾದರೆ ಯಾವ ನೆಂಟನೂ ಮುನಿಸಿಕೊಳ್ಳಲಾರ. ಅವುಗಳ ಅರ್ಧ ಪಾಲು ಹೇಗೂ ಎಲೆಯ ಜತೆಗೇ ಮಡಚಿ ಹೋಗುತ್ತದೆ. ಯಾವ ಎಣ್ಣೆ, ಎಷ್ಟು ಬಗೆ, ಎಷ್ಟು ಜನ ಬಡಿಸುವವರು ಎಂಬುದನ್ನು ಕಾಗದದಲ್ಲಿ ಬರೆದುಕೊಟ್ಟರೆ ಹೋಲಿಕೆಯಾದರೂ ನ್ಯಾಯವಾಗಿ ನಡೆದೀತು.

ಅಗ್ಗದವರಿಗೆ ಸುಲಭಕ್ಕೆ ಎಟುಕದ ಪದಾರ್ಥವೂ ಈ ಸೀಮೆಯಲ್ಲಿದೆ. ಅಂಕೋಲಾದ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸಿಪ್ಪೆ ತೆಳು, ಹಣ್ಣು ಹೆಚ್ಚು ದಿನ ತಾಳದು, ದೂರ ಸಾಗಿಸುವುದೂ ಕಷ್ಟ. ಮೇ ತಿಂಗಳ ಮದುವೆಯಲ್ಲಿ ಅದರ ರಸಾಯನ ಬಡಿಸಬೇಕೆಂದರೆ ತೋಟದವರೊಡನೆ ಮೊದಲೇ ಮಾತಾಡಿ, ಹಣ್ಣಾಗುವ ದಿನ ನೋಡಿಕೊಂಡು ತರಬೇಕು.