ಎರವಲು ರಾಕ್ಷಸರ ಆಟ

ಹುಲಿಯ ತಲೆ. ಮೈಮೇಲೆ ಸಿರಿವಂತ ಸಾಹೇಬರ ಉಡುಪು. ಕೈಯಲ್ಲಿ ಹೊಗೆಯಾಡುವ ಪೈಪು. ಈತ ಯಾರೆಂದು ಬಲ್ಲಿರಾ? ಚಿತ್ರದ ಜತೆಗಿರುವ ಹೆಸರು ಓದಿದರೆ ನಗಬೇಕೋ ಬೇಸರಪಡಬೇಕೋ ತಿಳಿಯುವುದಿಲ್ಲ. ಹೆಸರು: ರಾಕ್ಷಸ!

ಅಜ್ಜಿಯ ಬಾಯಲ್ಲಿ ರಾಮಾಯಣ ಕೇಳಿ ಬೆಳೆದವರಿಗೆ, ಯಕ್ಷಗಾನದ ಬಣ್ಣದ ವೇಷ ಕಂಡು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡವರಿಗೆ ಈ ಪೈಪಿನ ರಾಕ್ಷಸನ ಪರಿಚಯವಿರಲಾರದು. ಆತ ಇರುವುದು 1977ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಎಂಬ ಪುಸ್ತಕದಲ್ಲಿ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟಕ್ಕೆ ಬೇಕಾದ ದೈತ್ಯರು, ಭೂತಗಳು, ವಿಚಿತ್ರ ಪ್ರಾಣಿಗಳ ಪಟ್ಟಿ ಅದು. ನಮ್ಮ ರಾಕ್ಷಸ ಅಲ್ಲಿಗೆ ಹೋದದ್ದಾದರೂ ಹೇಗೆ? ಅದನ್ನು ಹುಡುಕುತ್ತ ಹೋದರೆ, ಕಥೆ ಕಟ್ಟುವ ಮಕ್ಕಳಿಗೂ ಅವರನ್ನು ನೋಡಿ ‘ಇದೆಲ್ಲ ಏನು ಹುಚ್ಚಾಟ’ ಎಂದು ತಲೆ ಚಚ್ಚಿಕೊಳ್ಳುವ ಹಿರಿಯರಿಗೂ ಬೇಕಾದ ಒಂದು ಪಾಠ ಸಿಗುತ್ತದೆ.

ಮೊದಲು ಆಟದ ಪರಿಚಯ. ನಾಲ್ಕೈದು ಗೆಳೆಯರು ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆಗಾರ. ಉಳಿದವರು ಆ ಕಥೆಯೊಳಗಿನ ವೀರರು, ಮಂತ್ರವಾದಿಗಳು, ಕಳ್ಳರು. ‘ನಿಮ್ಮೆದುರು ಒಂದು ಗುಹೆ ಇದೆ, ಒಳಗಿನಿಂದ ಏನೋ ಉಸಿರಾಡುವ ಸದ್ದು. ಏನು ಮಾಡುತ್ತೀರಿ?’ ಎಂದು ಕಥೆಗಾರ ಕೇಳುತ್ತಾನೆ. ಒಬ್ಬ ಕತ್ತಿ ಹಿರಿಯುತ್ತೇನೆ ಎನ್ನುತ್ತಾನೆ, ಇನ್ನೊಬ್ಬಳು ಪಂಜು ಹಚ್ಚುತ್ತೇನೆ ಎನ್ನುತ್ತಾಳೆ. ಪ್ರಯತ್ನ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪಗಡೆಯ ದಾಳವಲ್ಲ; ಇಪ್ಪತ್ತು ಮುಖದ ದಾಳವೂ ಇಲ್ಲುಂಟು. ಒಂದೇ ಕಥೆ ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿ 2016ರಲ್ಲಿ ಬಂದ ಮೇಲೆ ನಮ್ಮ ಊರುಗಳ ಹುಡುಗ ಹುಡುಗಿಯರಿಗೂ ಇದರ ಹೆಸರು ಗೊತ್ತಾಗಿದೆ. ಅದರಲ್ಲಿ ಮಕ್ಕಳು ತಮಗೆದುರಾದ ಪ್ರಾಣಿಗೆ ‘ಡೆಮೊಗಾರ್ಗನ್’ ಎಂದು ಹೆಸರಿಡುತ್ತಾರಲ್ಲ, ಅದು ಈ ಆಟದಿಂದಲೇ ತಂದ ಹೆಸರು. ಆಟದವರಾದರೂ ಅದನ್ನು ಸ್ವಂತ ಹುಟ್ಟಿಸಿದ್ದಲ್ಲ. 1667ರಲ್ಲಿ ಅಚ್ಚಾದ ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲೇ ಆ ಹೆಸರಿದೆ!

ಹೀಗೆ, ಇಲ್ಲಿ ಎಲ್ಲವೂ ಎರವಲೇ. ಅದಕ್ಕೆ ಕಾರಣವೂ ಇದೆ. ಒಂದು ವರ್ಷ ಕಥೆ ನಡೆಸಬೇಕಾದವನಿಗೆ ಪ್ರತಿ ವಾರ ಹೊಸ ಎದುರಾಳಿ ಬೇಕು. ಪುಸ್ತಕದಲ್ಲಿರುವ ದೈತ್ಯರನ್ನು ಆಡುವವರೂ ಓದಿಕೊಂಡು ಬಂದಿರುತ್ತಾರೆ. ಯಾವುದಕ್ಕೆ ಬೆಂಕಿ ಆಗದು, ಯಾವುದಕ್ಕೆ ಬೆಳ್ಳಿ ಆಗದು ಎಂಬುದೆಲ್ಲ ಬಾಯಿಪಾಠ. ಆಗ ಕಥೆಗಾರ ಕಾದಂಬರಿ, ಸಿನಿಮಾ, ಪುರಾಣಗಳ ಕಡೆ ಕೈ ಚಾಚುತ್ತಾನೆ. ತಪ್ಪೇನಿಲ್ಲ. ಆದರೆ ಕೈ ಚಾಚುವುದರಲ್ಲೂ ಎರಡು ಬಗೆ.

ಒಡವೆಯೋ, ಹೆಪ್ಪೋ?

ಮದುವೆಗೆಂದು ಪಕ್ಕದ ಮನೆಯಿಂದ ಒಡವೆ ತರುತ್ತೇವೆ. ಅದು ನಮ್ಮ ಕೊರಳಲ್ಲಿ ಹೊಳೆದರೂ ನಮ್ಮದಲ್ಲ. ನೋಡಿದವರಿಗೆ ಯಾರದೆಂದು ಗೊತ್ತು. ಅದೇ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪೂ ತರುತ್ತೇವೆ. ನಮ್ಮ ಹಾಲಿಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರು ನಮ್ಮದೇ. ಹೆಪ್ಪನ್ನು ಯಾರೂ ವಾಪಸು ಕೇಳುವುದಿಲ್ಲ. ಆದರೆ ಹಾಲು ಮಾತ್ರ ನಮ್ಮದಾಗಿರಬೇಕು.

ಈ ಆಟದ ಚರಿತ್ರೆಯಲ್ಲಿ ಎರಡಕ್ಕೂ ಉದಾಹರಣೆಗಳಿವೆ. ಹೆಪ್ಪಿನ ಬಗೆಯನ್ನು ಮೊದಲು ನೋಡೋಣ. ಗೈಗ್ಯಾಕ್ಸ್ ಒಮ್ಮೆ ಅಗ್ಗದ ಅಂಗಡಿಯಿಂದ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣ ತಂದರು. ಡೈನೋಸಾರ್ ಎಂದು ಮಾರುತ್ತಿದ್ದ ಆ ಗೊಂಬೆಗಳು ಯಾವ ಪ್ರಾಣಿಯನ್ನೂ ಹೋಲುತ್ತಿರಲಿಲ್ಲ. ಅವುಗಳಲ್ಲೊಂದು ಕಬ್ಬಿಣವನ್ನು ಮುಟ್ಟಿ ತುಕ್ಕು ಹಿಡಿಸುವ ‘ರಸ್ಟ್ ಮಾನ್‌ಸ್ಟರ್’ ಆಯಿತು. ಇನ್ನೊಂದು ಗೂಬೆಯ ಮುಖ, ಕರಡಿಯ ಮೈ ಇರುವ ‘ಔಲ್‌ಬೇರ್’ ಆಯಿತು. ಕತ್ತಿಯೇ ಬಲವೆಂದು ಬೀಗುವ ವೀರನಿಗೆ ಆ ತುಕ್ಕಿನ ಪ್ರಾಣಿ ಎದುರಾದಾಗಿನ ಗಾಬರಿ ಊಹಿಸಿಕೊಳ್ಳಿ! ಗೊಂಬೆ ಯಾರೋ ಮಾಡಿದ್ದು, ಗಾಬರಿ ಮಾತ್ರ ಇವರದೇ.

ಇನ್ನೊಂದು: ಎ. ಇ. ವ್ಯಾನ್ ವೋಗ್ಟ್ ಎಂಬ ವಿಜ್ಞಾನ ಕಥೆಗಾರ 1939ರಲ್ಲಿ ‘ಬ್ಲ್ಯಾಕ್ ಡೆಸ್ಟ್ರಾಯರ್’ ಎಂಬ ಕಥೆ ಬರೆದರು. ಅನ್ಯಗ್ರಹದ, ಕರಿಬೆಕ್ಕಿನಂಥ, ಭುಜದಿಂದ ಹೊರಟ ಬಳ್ಳಿಯಂಥ ಕೈಗಳಿರುವ ಬುದ್ಧಿವಂತ ಪ್ರಾಣಿ ಅದರ ಖಳನಾಯಕ. ಆಟದಲ್ಲಿ 1975ರಲ್ಲಿ ಕಾಣಿಸಿಕೊಂಡ ‘ಡಿಸ್‌ಪ್ಲೇಸರ್ ಬೀಸ್ಟ್’ ಅದರ ತಮ್ಮನಂತಿದೆ. ಆದರೆ ಇದಕ್ಕೊಂದು ಹೊಸ ಮಾಯೆ ಕೊಟ್ಟರು. ಅದು ಕಾಣುವ ಜಾಗದಲ್ಲಿ ಅದು ಇರುವುದಿಲ್ಲ, ತುಸು ಆಚೆ ಈಚೆ ಇರುತ್ತದೆ. ಬೀಸಿದ ಕತ್ತಿ ಗಾಳಿಗೆ! ಹಾಗೆಯೇ, ಗಾಯ ತಾನೇ ಕೂಡಿಕೊಳ್ಳುವ, ಬೆಂಕಿಗೆ ಬಗ್ಗುವ ಹಸಿರು ಟ್ರೋಲ್, ಪೋಲ್ ಆ್ಯಂಡರ್ಸನ್‌ರ ‘ಥ್ರೀ ಹಾರ್ಟ್ಸ್ ಅಂಡ್ ಥ್ರೀ ಲಯನ್ಸ್’ ಕಾದಂಬರಿಯಿಂದ ಬಂದದ್ದು. ಗೈಗ್ಯಾಕ್ಸ್ ಈ ಸಾಲವನ್ನು ಮುಚ್ಚಿಡಲಿಲ್ಲ. 1979ರ ಪುಸ್ತಕವೊಂದರ ಕೊನೆಯಲ್ಲಿ ತಮಗೆ ಸ್ಫೂರ್ತಿ ಕೊಟ್ಟ ಲೇಖಕರ ಪಟ್ಟಿಯನ್ನೇ ಅಚ್ಚು ಹಾಕಿದರು. ಆ್ಯಂಡರ್ಸನ್ ಹೆಸರೂ ಅದರಲ್ಲಿದೆ.

ಹೆಸರಿಗೆ ಒಡೆಯರುಂಟು

ಇನ್ನು ಒಡವೆಯ ಬಗೆ. ಮೊದಲ ಆವೃತ್ತಿಯಲ್ಲಿ ಹಾಬಿಟ್, ಎಂಟ್, ಬಾಲ್‌ರಾಗ್ ಎಂಬ ಹೆಸರುಗಳು ಹಾಗೆಹಾಗೇ ಇದ್ದವು. ಮೂರೂ ಜೆ. ಆರ್. ಆರ್. ಟೋಲ್ಕಿನ್‌ರ ಕಾದಂಬರಿಗಳವು. ಆ ಕಾದಂಬರಿಗಳ ಸಿನಿಮಾ ಮತ್ತು ವ್ಯಾಪಾರದ ಹಕ್ಕು ಪಡೆದಿದ್ದ ಸಂಸ್ಥೆ ಆಕ್ಷೇಪ ಎತ್ತಿತು. ಆಮೇಲಿನ ಮುದ್ರಣಗಳಲ್ಲಿ ಹಾಬಿಟ್ ಹೋಗಿ ‘ಹಾಫ್ಲಿಂಗ್’ ಆಯಿತು, ನಡೆದಾಡುವ ಮರ ಎಂಟ್ ಹೋಗಿ ‘ಟ್ರಿಯಂಟ್’ ಆಯಿತು, ಬೆಂಕಿಯ ಬಾಲ್‌ರಾಗ್ ‘ಬೇಲರ್’ ಆಯಿತು. ಕುಳ್ಳರು, ಡ್ರ್ಯಾಗನ್ನುಗಳು ಮಾತ್ರ ಉಳಿದುಕೊಂಡವು. ಅವು ಜನಪದರ ಕಣಜದ ಕಾಳು, ಯಾರೊಬ್ಬರ ಸ್ವತ್ತೂ ಅಲ್ಲ. ಟೋಲ್ಕಿನ್‌ರೇ ಆ ಕಣಜಕ್ಕೆ ಕೈ ಹಾಕಿದವರಲ್ಲವೆ? ಥೋರಿನ್, ಡ್ವಾಲಿನ್, ಗ್ಯಾಂಡಾಲ್ಫ್ ಮುಂತಾದ ಹೆಸರುಗಳನ್ನು ಅವರು ಎತ್ತಿಕೊಂಡದ್ದು ‘ವೊಲುಸ್ಪಾ’ ಎಂಬ ಹಳೆಯ ನಾರ್ಸ್ ಕವಿತೆಯ ಕುಳ್ಳರ ಪಟ್ಟಿಯಿಂದ.

1980ರಲ್ಲಿ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಇನ್ನೊಂದು ಪುಸ್ತಕ ಬಂತು. ಅದರಲ್ಲಿ ಲವ್‌ಕ್ರಾಫ್ಟ್‌ರ ಕಥೆಗಳ ಥುಲು ಮತ್ತವನ ಬಳಗಕ್ಕೆ ಒಂದು ಅಧ್ಯಾಯ, ಮೈಕೆಲ್ ಮೂರ್‌ಕಾಕ್‌ರ ಪಾತ್ರಗಳಿಗೆ ಇನ್ನೊಂದು. ಆದರೆ ಅವುಗಳ ಮೇಲೆ ಆಟ ತಯಾರಿಸುವ ಪರವಾನಗಿ ಬೇರೊಂದು ಕಂಪನಿಯ ಬಳಿ ಇತ್ತು. ನಂತರದ ಮುದ್ರಣಗಳಿಂದ ಎರಡೂ ಅಧ್ಯಾಯ ಮಾಯ!

ಚಕ್ರ ಸುತ್ತಿ ಬಂದದ್ದನ್ನೂ ಕೇಳಿ. 2000ದಲ್ಲಿ ಆಟದ ಹೊಸ ಒಡೆಯರು ಬಹುಪಾಲು ನಿಯಮಗಳನ್ನು ಇತರರೂ ಬಳಸಲೆಂದು ಬಿಟ್ಟುಕೊಟ್ಟರು. ಆದರೆ ಕೆಲವು ಜೀವಿಗಳನ್ನು ‘ಇವು ನಮ್ಮವು, ಮುಟ್ಟಬೇಡಿ’ ಎಂದು ಪಟ್ಟಿ ಮಾಡಿ ಬೇಲಿಯೊಳಗೆ ಇಟ್ಟುಕೊಂಡರು. ಆ ಪಟ್ಟಿಯಲ್ಲಿ ಡಿಸ್‌ಪ್ಲೇಸರ್ ಬೀಸ್ಟ್ ಕೂಡ ಇತ್ತು! ಹೆಪ್ಪು ತಂದವರು ಮೊಸರಿನ ಗಡಿಗೆಗೆ ಬೀಗ ಹಾಕಿದ ಹಾಗಾಯಿತು.

ನಮ್ಮ ರಾಕ್ಷಸನಿಗೆ ಆದದ್ದು

ಈಗ ಪೈಪಿನವನ ಬಳಿಗೆ ಮರಳೋಣ. ಅವನು ವಾಲ್ಮೀಕಿಯಿಂದ ನೇರ ಹೋದವನಲ್ಲ. ‘ಕೋಲ್‌ಚಾಕ್’ ಎಂಬ ಅಮೆರಿಕದ ಟಿ.ವಿ. ಧಾರಾವಾಹಿಯ ಒಂದು ಕಂತು 1974ರ ಡಿಸೆಂಬರ್‌ನಲ್ಲಿ ಪ್ರಸಾರವಾಯಿತು. ಅದರಲ್ಲಿ ಒಬ್ಬ ರಾಕ್ಷಸ ಬರುತ್ತಾನೆ. ಬಲಿಯಾಗುವವರು ಯಾರನ್ನು ನಂಬುತ್ತಾರೋ ಅವರ ರೂಪದಲ್ಲೇ ಎದುರು ನಿಲ್ಲುತ್ತಾನೆ. ಮಂತ್ರಿಸಿದ ಬಾಣದಿಂದ ಮಾತ್ರ ಸಾಯುತ್ತಾನೆ. ಮರುವರ್ಷ ಆಟದ ಪತ್ರಿಕೆಯಲ್ಲಿ ಕಾಣಿಸಿಕೊಂಡ ರಾಕ್ಷಸನಿಗೂ ಇವೇ ಎರಡು ಗುಣ. ಹುಲಿಯ ತಲೆ ಬಂದದ್ದು ಚಿತ್ರಕಾರನ ಕುಂಚದಿಂದ.

ಬೇಕಾದ ರೂಪ ತಾಳುವ ಗುಣ ನಮ್ಮದೇ ಸರಿ. ಮಾರೀಚ ಜಿಂಕೆಯಾಗಲಿಲ್ಲವೆ? ಆದರೆ ದಾರಿಯಲ್ಲಿ ಕಳೆದುಹೋದದ್ದೆಷ್ಟು! ಆಟದ ಪುಸ್ತಕದ ರಾಕ್ಷಸ ಹುಟ್ಟಿನಿಂದಲೇ ಕೆಟ್ಟವನು, ಅಷ್ಟೆ. ನಮ್ಮ ಕಥೆಗಳಲ್ಲಿ ವಿಭೀಷಣನೂ ರಾಕ್ಷಸನೇ, ಪಾಂಡವರಿಗಾಗಿ ಪ್ರಾಣ ಕೊಟ್ಟ ಘಟೋತ್ಕಚನೂ ರಾಕ್ಷಸಿಯ ಮಗನೇ. ಯಕ್ಷಗಾನದಲ್ಲಿ ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು ಅಬ್ಬರಿಸುತ್ತ ಬರುವ ರಾವಣ, ಅರ್ಥ ಹೇಳಲು ನಿಂತರೆ ಪಂಡಿತ. ಇಷ್ಟು ಸಂಪತ್ತಿರುವ ಕಣಜದಿಂದ ಆಟದವರು ಒಯ್ದದ್ದು ಒಂದು ಹಿಡಿ, ಅದೂ ಮೂರನೆಯವರ ಕೈಯಿಂದ. ಬೇರೆಯವರ ಕಥೆಯನ್ನು ಓದದೆ, ಬರೀ ಹೆಸರು ತಂದರೆ ಹೀಗಾಗುತ್ತದೆ. 1980ರ ಆ ದೇವತೆಗಳ ಪುಸ್ತಕದಲ್ಲಂತೂ ಇಂದ್ರ, ಅಗ್ನಿ, ವಿಷ್ಣು, ಕಾಳಿ ಎಲ್ಲರಿಗೂ ‘ಇಷ್ಟು ಪೆಟ್ಟು ತಾಳಬಲ್ಲರು’ ಎಂದು ಅಂಕಿ ಕೊಟ್ಟಿದ್ದರು!

ತರುವುದಾದರೆ ಹೀಗೆ ತನ್ನಿ

ರಜೆಯಲ್ಲಿ ಗೆಳೆಯರಿಗೆ ಕಥೆ ನಡೆಸಲು ಹೊರಟ ವಿದ್ಯಾರ್ಥಿ ಏನು ಮಾಡಬೇಕು? ಜೀವಿಯ ಮುಖವನ್ನಲ್ಲ, ಅದರ ಸ್ವಭಾವವನ್ನು ತರಬೇಕು. ‘ಇದು ಅಲ್ಲಿ ಏನು ಮಾಡುತ್ತದೆ? ಅದಕ್ಕೆ ಏನು ಬೇಕು? ಅದು ಸೋಲುವುದು ಯಾತರಿಂದ?’ ಎಂಬ ಮೂರು ಪ್ರಶ್ನೆ ಸಾಕು.

ಭಸ್ಮಾಸುರನನ್ನೇ ತೆಗೆದುಕೊಳ್ಳಿ. ತಲೆ ಮುಟ್ಟಿದರೆ ಬೂದಿಯಾಗುವ ವರ, ವರ ಕೊಟ್ಟವನನ್ನೇ ಸುಡಹೊರಟ ಸೊಕ್ಕು, ತನ್ನ ಕೈಯಿಂದಲೇ ಸಾವು. ಹೆಸರು ಹೇಳಿದೊಡನೆ ಎಲ್ಲರಿಗೂ ಗುಟ್ಟು ತಿಳಿದುಬಿಡುತ್ತದೆ. ಆದ್ದರಿಂದ ಹೆಸರು ಬಿಡಿ. ಒಂದು ಬಂದರಿನ ಊರು, ಅಲ್ಲೊಬ್ಬ ವರ್ತಕ. ಸೆಕೆಯಲ್ಲೂ ಬಲಗೈಯ ಕೈಚೀಲ ತೆಗೆಯುವುದಿಲ್ಲ. ಅವನಿಗೆ ಸಾಲ ಕೊಟ್ಟವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾರೆ. ಅವರ ಕೋಣೆಯಲ್ಲಿ ಹಿಡಿ ಬೂದಿ. ಕತ್ತಿ ಹಿಡಿದು ಹೋದವರು ಸೋಲುತ್ತಾರೆ. ಕುಣಿದೇ ಗೆಲ್ಲಬೇಕೆಂದು ಕಥೆಗಾರ ಹಟ ಹಿಡಿಯಬಾರದು. ಯಾರೋ ಅವನ ಹಣೆಯ ಮೇಲೆ ಸೊಳ್ಳೆ ಕೂತಿದೆ ಎನ್ನಬಹುದು! ಕೊನೆಗೊಬ್ಬಳು ‘ಅಯ್ಯೋ, ಇವನು ಭಸ್ಮಾಸುರ ಕಣ್ರೋ’ ಎಂದು ಕೂಗಿದ ಕ್ಷಣವೇ ಆಟದ ಸಾರ್ಥಕತೆ. ಹೆಪ್ಪು ಪುರಾಣದ್ದು, ಮೊಸರು ನಿಮ್ಮದು. ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದ ಇನ್ನೊಬ್ಬ ಹುಟ್ಟುವ ರಕ್ತಬೀಜ, ಬಂಡಿ ಅನ್ನ ಕೇಳುವ ಬಕಾಸುರ, ಎಲ್ಲರನ್ನೂ ಹೀಗೆಯೇ ಹೊಸ ಊರಿಗೆ ಕರೆತರಬಹುದು.

ಒಂದು ಎಚ್ಚರಿಕೆ ಬೇಕು. 2022ರಲ್ಲಿ ‘ಕಾಂತಾರ’ ಸಿನಿಮಾ ನೋಡಿದ ಮೇಲೆ ಪಂಜುರ್ಲಿ, ಗುಳಿಗರನ್ನು ಆಟಕ್ಕೆ ತರಬೇಕೆಂದು ಯಾರಿಗಾದರೂ ಅನ್ನಿಸೀತು. ತುಳುನಾಡಿನ ಮನೆಮನೆಗಳಲ್ಲಿ ಅವು ಇಂದಿಗೂ ನಂಬಿ ನಡೆಯುವ ದೈವಗಳು. ದಾಳ ಹಾಕಿ ಕೊಂದು ಅಂಕ ಗಳಿಸುವ ಪ್ರಾಣಿಗಳಲ್ಲ. ಇಂದ್ರನಿಗೆ ಪೆಟ್ಟಿನ ಲೆಕ್ಕ ಕಟ್ಟಿದ್ದನ್ನು ನೋಡಿ ನಮಗೆ ಮುಜುಗರವಾದರೆ, ಆ ಮುಜುಗರ ನಮ್ಮಿಂದ ಇನ್ನೊಬ್ಬರಿಗೂ ಆಗಬಾರದು.

ಹಿರಿಯರಿಗೆ ಒಂದು ಮಾತು

1980ರ ದಶಕದಲ್ಲಿ ಅಮೆರಿಕದ ಕೆಲವು ತಂದೆತಾಯಿಯರು ಈ ಆಟ ಮಕ್ಕಳನ್ನು ಮಾಟಮಂತ್ರಕ್ಕೆ ಎಳೆಯುತ್ತದೆಂದು ಗಾಬರಿಯಾಗಿದ್ದರು. ಆ ಗಾಬರಿ ಬೇಕಿಲ್ಲ. ಪರೀಕ್ಷೆಯ ದಿನಗಳಲ್ಲಿ ಹೊತ್ತಿಗೆ ಮಿತಿ ಹಾಕಿ, ಅದು ನ್ಯಾಯವೇ. ಆದರೆ ಮಗಳು ‘ಅಪ್ಪಾ, ಬಕಾಸುರನ ಕಥೆ ಪೂರ್ತಿ ಹೇಳು’ ಎಂದು ಬಂದು ಕೂತರೆ ಬೈದು ಕಳಿಸಬೇಡಿ. ಪಠ್ಯಪುಸ್ತಕ ಮಾಡಲಾಗದ ಕೆಲಸವನ್ನು ಆಟ ಮಾಡಿದೆ.

ಮನೆಯ ಮೇಜಿನ ಮೇಲೆ ಗೆಳೆಯರೊಡನೆ ಆಡುವಾಗ ಯಾವ ಕಾದಂಬರಿಯ ಪ್ರಾಣಿ ತಂದರೂ ಬಂದು ಕೇಳುವವರಿಲ್ಲ. ಅಚ್ಚು ಹಾಕಿಸಿ ಮಾರಲು ಹೊರಟಾಗ ಮಾತು ಬೇರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಕೃತಿಯ ಹಕ್ಕು ಅವರ ಜೀವಿತಕಾಲ ಮತ್ತು ನಂತರದ 60 ವರ್ಷ ಇರುತ್ತದೆ. ಪುರಾಣ, ಜನಪದ ಕಥೆಗಳಿಗೆ ಆ ತೊಡಕಿಲ್ಲ. ಆದರೆ ಅವುಗಳನ್ನು ಇತ್ತೀಚೆಗೆ ಒಬ್ಬರು ತಿರುಗಿ ಬರೆದಿದ್ದರೆ ಆ ಬರಹ ಅವರದು.

ಮಕ್ಕಳಿಗೆ ಇಷ್ಟನ್ನು ಕಲಿಸಿದರೆ ಸಾಕು: ತಂದದ್ದು ಯಾರ ಮನೆಯಿಂದ ಎಂದು ಹೇಳುವುದು, ತರುವ ಮೊದಲು ಆ ಮನೆಯೊಳಗೆ ಹೋಗಿ ಕೂತು ಬರುವುದು, ತಂದ ಮೇಲೆ ಅದಕ್ಕೆ ತನ್ನದೇನಾದರೂ ಸೇರಿಸುವುದು. ಶಾಲೆಯ ಪ್ರಾಜೆಕ್ಟು ಬರೆಯುವಾಗಲೂ ಇದೇ ನಿಯಮ. ಹಾಗೆ ಕಲಿತ ಹುಡುಗನೊಬ್ಬ ನಾಳೆ ನಮ್ಮ ರಾಕ್ಷಸನನ್ನು ಮತ್ತೆ ಮೇಜಿನ ಮೇಲೆ ತಂದಾಗ, ಅವನ ಕೈಯಲ್ಲಿ ಪೈಪು ಇದ್ದರೂ ಚಿಂತೆಯಿಲ್ಲ. ವಿಭೀಷಣನ ಬಾಯಲ್ಲಿದ್ದ ಮಾತು ಅವನ ಬಾಯಲ್ಲೂ ಇದ್ದರೆ ಆಯಿತು.